ಸ್ಕೆಚ್‌ಬುಕ್ ಹಾಳೆಯ ಮೇಲೆ ತೈಲವರ್ಣ: ಕೆಟ್ಟದ್ದು ಎಲ್ಲಿ ಎಂದು ಹುಡುಕುವ ಬಗೆ

ಚಿತ್ರ ಕೈಕೊಟ್ಟಿದೆ ಅನ್ನಿಸಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಹಾಳೆಯನ್ನು ಮಗುಚಿ ಹಿಂಬದಿ ನೋಡುವುದು. ಮುಂದಿನಿಂದ ಎಷ್ಟು ದಿಟ್ಟಿಸಿದರೂ ಬಣ್ಣ ಮಂಕಾಗಿದೆ, ಒಣಗಿಲ್ಲ, ಸಿಪ್ಪೆ ಏಳುತ್ತಿದೆ ಅನ್ನುವಷ್ಟೇ ತಿಳಿಯುತ್ತದೆ. ಯಾಕೆ ಅನ್ನುವುದಕ್ಕೆ ಸುಳಿವು ಹೆಚ್ಚಿನ ಸಲ ಹಿಂದೆ ಇರುತ್ತದೆ. ಟ್ಯೂಬನ್ನು ಬೈಯುವುದು, ಕುಂಚ ಬದಲಿಸುವುದು, ಇನ್ನೂ ದುಬಾರಿ ಬಣ್ಣ ತರಿಸುವುದು ಎಲ್ಲ ಆಮೇಲಿನ ಮಾತು. ಸ್ಕೆಚ್‌ಬುಕ್ಕಿನಲ್ಲಿ ತೈಲವರ್ಣ ಕೆಡುವುದು ಬಣ್ಣದಿಂದ ಬಲು ಅಪರೂಪ. ಬಣ್ಣಕ್ಕೂ ಕಾಗದಕ್ಕೂ ನಡುವೆ ನಾವು ಹಚ್ಚಿದ, ಇಲ್ಲವೇ ಹಚ್ಚದೆ ಬಿಟ್ಟ ಪದರದಿಂದಲೇ ಹೆಚ್ಚು.

ಭಾನುವಾರ ಆನೆಗೊಂದಿ ಬಂಡೆಗಳ ಕಡೆಗೋ ರಾಯಚೂರು ಕೋಟೆಗೋ ಚಿತ್ರ ಬರೆಯಲು ಹೋಗುವವರಿಗೆ ಬೈಕಿನ ಮೇಲೆ ಕ್ಯಾನ್ವಾಸ್ ಚೌಕಟ್ಟು ಕಟ್ಟಿಕೊಂಡು ಹೋಗುವುದು ದೊಡ್ಡ ಗೋಳು. ಸ್ಕೆಚ್‌ಬುಕ್ ಆದರೆ ಚೀಲದಲ್ಲಿ ಹೋಗುತ್ತದೆ. ಕಾಗದದ ಮೇಲೆ ತೈಲವರ್ಣ ಬರೆಯುವುದು ಬಡವರ ಉಪಾಯವೇನೂ ಅಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನ ಕೊರೊ, ಇಂಗ್ಲೆಂಡಿನ ಕಾನ್‌ಸ್ಟೇಬಲ್ ಅಂಥ ಚಿತ್ರಗಾರರು ಬಯಲಿನಲ್ಲಿ ಕೂತು ಕಾಗದದ ಮೇಲೆಯೇ ತೈಲದಲ್ಲಿ ಬರೆದಿದ್ದಾರೆ. ಆ ಕಾಲದ ಎಷ್ಟೋ ಕಾಗದದ ಚಿತ್ರಗಳನ್ನು ಆಮೇಲೆ ಕ್ಯಾನ್ವಾಸಿಗೆ ಅಂಟಿಸಿ ಕಾಪಾಡಿಕೊಂಡು ಬಂದಿದ್ದಾರೆ. ನಮಗಿರುವ ತೊಂದರೆ ಬೇರೆ. ಬಣ್ಣಕ್ಕೆ ಮೊದಲು ಹಾಳೆಗೆ ಬಳಿಯುವ ಬಿಳಿ ಲೇಪ ಜೆಸ್ಸೊ; ಅದರ ಡಬ್ಬಿಯ ಮೇಲಿನ ಸೂಚನೆಗಳನ್ನು ಬರೆದವರು ಬಳ್ಳಾರಿಯ ಏಪ್ರಿಲ್ ಕಂಡವರಲ್ಲ. 40 ಡಿಗ್ರಿ ದಾಟಿದ ಒಣ ಗಾಳಿಯಲ್ಲಿ ಅವರು ಹೇಳುವ ಲೆಕ್ಕವೇ ತಪ್ಪುತ್ತದೆ.

ಎರಡು ಪದರ, ಎರಡು ಕೆಲಸ

ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಈ ಕ್ರಿಯೆ ಕಾಗದದ ನಾರಿನೊಳಗೇ ನಡೆದರೆ ನಾರು ಕಂದುಬಣ್ಣಕ್ಕೆ ತಿರುಗುತ್ತದೆ, ಆಮ್ಲ ಸೇರಿ ವರ್ಷಗಳು ಕಳೆದಂತೆ ಮಡಚಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಇದು ಕಾಗದಕ್ಕೆ ಆಗುವ ಕೇಡು. ಇನ್ನೊಂದು ಕೇಡು ಬಣ್ಣಕ್ಕೆ: ಹಿಡಿದಿಡಬೇಕಾದ ಎಣ್ಣೆ ಕೆಳಗಿಳಿದು ಹೋದರೆ ಮೇಲೆ ಉಳಿಯುವುದು ಬರೀ ಪುಡಿ. ಮಿರ್ಚಿ ಕಟ್ಟಿಕೊಟ್ಟ ಪೇಪರನ್ನು ನೋಡಿದವರಿಗೆ ಎಣ್ಣೆ ಕಾಗದದಲ್ಲಿ ಎಷ್ಟು ದೂರ ಓಡುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಹಾಳೆಗೆ ಎರಡು ಪದರ ಬೇಕು. ಕೆಳಗಿನದು ಎಣ್ಣೆಯನ್ನು ತಡೆಯುವ ಪದರ; ಇದಕ್ಕೆ ಸೈಜ್ ಎನ್ನುತ್ತಾರೆ. ಮೇಲಿನದು ಬಣ್ಣ ಕಚ್ಚಿಕೊಳ್ಳುವ ನೆಲ, ಅದು ಜೆಸ್ಸೊ. ಹೆಚ್ಚಿನವರು ಜೆಸ್ಸೊ ಒಂದನ್ನೇ ಹಚ್ಚಿ ಎರಡೂ ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಅಕ್ರಿಲಿಕ್ ಜೆಸ್ಸೊದಲ್ಲಿ ಸೀಮೆಸುಣ್ಣದಂಥ ಪುಡಿ ಬೇಕೆಂದೇ ಸೇರಿಸಿರುತ್ತಾರೆ, ಬಣ್ಣ ಹಿಡಿಯಲಿ ಎಂದು. ಅದೇ ಕಾರಣಕ್ಕೆ ಅದು ಒಂದಿಷ್ಟು ಎಣ್ಣೆಯನ್ನೂ ಹೀರುತ್ತದೆ. ತೆಳ್ಳಗೆ ಒಂದೇ ಸಲ ಹಚ್ಚಿದ ಜೆಸ್ಸೊ ಎಣ್ಣೆಗೆ ಅಡ್ಡಿಯೇ ಅಲ್ಲ.

ಸೈಜ್ ಆಗಿ ಏನು ಬಳಸಬಹುದು? ಅಕ್ರಿಲಿಕ್ ಮ್ಯಾಟ್ ಮೀಡಿಯಂ, ಅಂದರೆ ಬಣ್ಣ ಸೇರಿಸದ, ಹೊಳಪಿಲ್ಲದ ಅಕ್ರಿಲಿಕ್ ದ್ರವ, ಎಲ್ಲಕ್ಕಿಂತ ಸಲೀಸು: ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ. ಪುಸ್ತಕ ಕಟ್ಟುವವರು ಬಳಸುವ ಆಮ್ಲರಹಿತ ಪಿವಿಎ ಅಂಟೂ ನಡೆಯುತ್ತದೆ. ಮರಗೆಲಸದ ಬಿಳಿ ಅಂಟು ಅಭ್ಯಾಸದ ಹಾಳೆಗೆ ಸಾಕು, ಉಳಿಯಬೇಕಾದ ಚಿತ್ರಕ್ಕೆ ಬೇಡ. ಕಾಲ ಹೋದಂತೆ ಹಳದಿಯಾಗಬಹುದು, ನೀರು ತಾಗಿದರೆ ಮೆತ್ತಗಾಗುತ್ತದೆ. ಬಡಗಿಗಳು ಪಾಲಿಶ್‌ಗೆ ಬಳಸುವ ಅರಗನ್ನು ಸ್ಪಿರಿಟ್ಟಿನಲ್ಲಿ ತೆಳ್ಳಗೆ ಕರಗಿಸಿ ಹಚ್ಚಿದರೆ ಹಾಳೆಗೆ ನೀರೇ ಸೋಕದ ಕಾರಣ ಸುಕ್ಕು ಬೀಳುವುದಿಲ್ಲ, ಆದರೆ ಹಾಳೆಗೆ ಹೊಂಬಣ್ಣ ಬರುತ್ತದೆ, ವಯಸ್ಸಾದ ಅರಗು ಪೆಡಸೂ ಆಗುತ್ತದೆ. ಜೆಲಟಿನ್ ಕೂಡ ಹಳೆಯ ಕ್ರಮವೇ. ಕಿರಾಣಿ ಅಂಗಡಿಯಲ್ಲಿ ಜೆಲಟಿನ್ ಕೇಳಿದರೆ ಚೈನಾ ಗ್ರಾಸ್ ಕೊಟ್ಟು ಕಳಿಸುತ್ತಾರೆ, ಎರಡೂ ಒಂದಲ್ಲ. ಚೈನಾ ಗ್ರಾಸ್ ಕಡಲಪಾಚಿಯಿಂದ ಬರುವಂಥದ್ದು, ಈ ಕೆಲಸಕ್ಕೆ ಅದನ್ನು ನೆಚ್ಚಬೇಡಿ.

ಚಿತ್ರ ಬರೆಯುವ ಮುಂಚೆ ನಾಲ್ಕು ಪರೀಕ್ಷೆ

ಪುಸ್ತಕದ ಕೊನೆಯ ಹಾಳೆಯನ್ನು ಇದಕ್ಕೇ ಮೀಸಲಿಡಿ. ಬೇರೆ ಹಾಳೆಗಳಿಗೆ ಏನೇನು ಹಚ್ಚುತ್ತೀರೋ ಅದನ್ನೇ ಅಷ್ಟೇ ಕೈ ಅದಕ್ಕೂ ಹಚ್ಚಿ, ಪೂರ್ತಿ ಒಣಗಲು ಬಿಡಿ.

ಅಗಸೆ ಎಣ್ಣೆಯ ಒಂದು ಹನಿ ಹಾಳೆಯ ಮೇಲೆ ಬಿಟ್ಟು ಒಂದು ದಿನ ಮುಟ್ಟಬೇಡಿ. ಮರುದಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಹನಿ ಬಿದ್ದ ಜಾಗ ಪಾರದರ್ಶಕವಾಗಿ ಕಂಡರೆ ಸೈಜ್ ಸಾಲದು. ಹಿಂಬದಿ ಮೊದಲಿನಂತೆಯೇ ಇದ್ದರೆ ಈ ಪುಸ್ತಕ ನಂಬಬಹುದು. ಇದು ಎಲ್ಲಕ್ಕಿಂತ ಮುಖ್ಯ ಪರೀಕ್ಷೆ, ಬೇರೆ ಮೂರನ್ನು ಬಿಟ್ಟರೂ ಇದನ್ನು ಬಿಡಬೇಡಿ.

ನೀರಿನ ಹನಿ ಹಾಕಿ ನೋಡುವುದು ಎರಡನೆಯದು. ಹನಿ ಕ್ಷಣಕ್ಕೇ ಹೀರಿಹೋದರೆ ನೆಲ ತೀರಾ ಬಾಯಾರಿದೆ, ಬಣ್ಣ ಮಂಕಾಗುತ್ತದೆ. ಗುಂಡಗೆ ನಿಂತು ಉರುಳಾಡಿದರೆ ನೆಲ ಜಾರು, ಬಣ್ಣ ಹಿಡಿಯುವುದಿಲ್ಲ. ಹನಿ ಸ್ವಲ್ಪ ಹರಡಿ ನಿಂತು ನಿಧಾನವಾಗಿ ಇಂಗಿದರೆ ಸರಿ. ಆಮೇಲೆ ಒದ್ದೆ ಬಿಳಿ ಬಟ್ಟೆಯಿಂದ ನಾಲ್ಕಾರು ಸಲ ಉಜ್ಜಿ. ಬಟ್ಟೆಗೆ ಸುಣ್ಣದಂತೆ ಬಿಳಿ ಮೆತ್ತಿದರೆ ಜೆಸ್ಸೊದಲ್ಲಿ ಅಂಟು ಕಡಿಮೆ. ಕೊನೆಗೆ ಹಾಳೆಯನ್ನು ಬೆರಳಿನ ಸುತ್ತ ಮೆಲ್ಲಗೆ ಬಗ್ಗಿಸಿ, ಬಗ್ಗಿದ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆ ಬಿರುಕು ಕಂಡರೆ ಪದರ ದಪ್ಪವಾಗಿದೆ, ಇಲ್ಲವೇ ಹಚ್ಚಿದ ಮಾಲೇ ಪೆಡಸು.

ಹಿಂಬದಿಯಲ್ಲಿ ಎಣ್ಣೆ ಮೂಡಿದರೆ

ಎಲ್ಲರೂ ತರುವ ದೂರು ಇದೇ. ಗಂಗಾವತಿ ಕಡೆಯ ಹುಡುಗನೊಬ್ಬ ಒಮ್ಮೆ ಪುಸ್ತಕ ತೆರೆದು ಮುಂದೆ ಹಿಡಿದ.

"ಸರ್, ಹಾಳಿ ಹಿಂದ ಎಣ್ಣಿ ಮೂಡೈತ್ರಿ. ಜೆಸ್ಸೊ ಎರಡು ಸಲ ಹಚ್ಚೇನ್ರಿ."

ಮುಂದೆ ಬಂಡೆ, ಭತ್ತದ ಗದ್ದೆ, ಚೆನ್ನಾಗಿಯೇ ಬರೆದಿದ್ದ. ಹಿಂದೆ ಮಾತ್ರ ಹಳದಿ ಕಲೆ ಗೆರೆಗೆರೆಯಾಗಿ ಇಳಿದಿತ್ತು. ಮೇಲಿನಿಂದ ಕೆಳಕ್ಕೆ, ಒಂದರ ಪಕ್ಕ ಒಂದು, ನಡುವೆ ಅಷ್ಟೇ ಅಗಲದ ಬಿಳಿ ಪಟ್ಟಿ. ಗೆರೆ ಎರಡು ಕಡೆ ಸ್ವಲ್ಪ ಬಾಗಿತ್ತು, ಕೈ ತಿರುಗಿದ ಕಡೆ.

"ಎರಡೂ ಸಲ ಕುಂಚ ಮ್ಯಾಲಿಂದ ಕೆಳಗ ಎಳದಿಯೇನಪಾ?"

"ಹೌದ್ರಿ."

ರೋಗ ಅಲ್ಲೇ ಇತ್ತು. ಒರಟು ಕುಂಚದ ಕೂದಲು ಸಾಲುಸಾಲಾಗಿ ಜೆಸ್ಸೊವನ್ನು ಎರಡೂ ಬದಿಗೆ ಸರಿಸುತ್ತದೆ. ದಿಬ್ಬದ ನಡುವಿನ ತಗ್ಗಿನಲ್ಲಿ ಪದರ ಇದ್ದೂ ಇಲ್ಲದಂತೆ. ಎರಡನೇ ಸಲವೂ ಅದೇ ದಿಕ್ಕಿಗೆ ಎಳೆದರೆ ಕುಂಚ ಹಳೆಯ ತಗ್ಗಿನಲ್ಲೇ ಓಡುತ್ತದೆ. ಮೊದಲ ಕೈ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ ಹಚ್ಚಬೇಕು. ಮೃದು ಕೂದಲಿನ ಚಪ್ಪಟೆ ಕುಂಚ ಇದ್ದರೆ ಇನ್ನೂ ಒಳ್ಳೆಯದು.

ಕಲೆಯ ಆಕಾರ ನೋಡಿದರೆ ಕಾರಣ ಹೊಳೆಯುತ್ತದೆ ಅನ್ನುವುದಕ್ಕೆ ಇದನ್ನು ಹೇಳಿದೆ. ಗೆರೆಗಳಿದ್ದರೆ ಕುಂಚದ ದಿಕ್ಕು. ಹಿಂಬದಿ ಪೂರ್ತಿ ಒಂದೇ ಸಮ ಮಾಸಲಾಗಿದ್ದರೆ ಸೈಜ್ ಇಲ್ಲ, ಇಲ್ಲವೇ ಜೆಸ್ಸೊಗೆ ನೀರು ಜಾಸ್ತಿ ಬಿದ್ದಿದೆ. ಸೂಜಿಮೊನೆಯಂಥ ಚುಕ್ಕಿಗಳು ಚದುರಿದ್ದರೆ ಗಾಳಿಗುಳ್ಳೆಗಳು: ಡಬ್ಬಿಯನ್ನು ಜೋರಾಗಿ ಅಲ್ಲಾಡಿಸಿ ಕೂಡಲೇ ಹಚ್ಚಿದಾಗ, ಸ್ಪಂಜಿನಿಂದ ಒತ್ತಿ ಹಚ್ಚಿದಾಗ ಹೀಗಾಗುತ್ತದೆ, ಬೇಸಿಗೆಯಲ್ಲಿ ಗುಳ್ಳೆ ಒಡೆದು ಮುಚ್ಚಿಕೊಳ್ಳುವ ಮೊದಲೇ ಪದರ ಒಣಗಿ ತೂತು ಹಾಗೇ ಉಳಿಯುತ್ತದೆ. ಡಬ್ಬಿಯನ್ನು ಕಡ್ಡಿಯಿಂದ ನಿಧಾನವಾಗಿ ತಿರುವಿ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿ. ಕಲೆ ಹೊಲಿಗೆಯ ಪಕ್ಕದಲ್ಲಿ ಮಾತ್ರ ಇದ್ದರೆ ಕುಂಚ ಆ ಸಂದಿಗೆ ಇಳಿದೇ ಇಲ್ಲ. ಅಲ್ಲಿ ಅರ್ಧ ಇಂಚು ಕಾಗದದ ಟೇಪು ಅಂಟಿಸಿ ಚಿತ್ರದಿಂದ ಹೊರಗಿಡುವುದೇ ಜಾಣತನ. ಮೋಡ ಕವಿದಂತೆ ಒಂದೇ ಕಡೆ ದೊಡ್ಡ ಕಲೆ ಇದ್ದರೆ ಅಲ್ಲಿ ಏನಾಗಿತ್ತು ನೆನಪಿಸಿಕೊಳ್ಳಿ: ಟರ್ಪೆಂಟೈನ್ ಚೆಲ್ಲಿತ್ತೇ, ಬಟ್ಟೆಯಿಂದ ತಿಕ್ಕಿ ತಿಕ್ಕಿ ಬಣ್ಣ ಅಳಿಸಿದಿರೇ, ಎಣ್ಣೆ ಸುರಿದುಕೊಂಡು ಮೆರುಗು ಕೊಡಲು ಹೋದಿರೇ.

ಮೂಡಿದ ಎಣ್ಣೆಯನ್ನು ತೆಗೆಯುವ ಉಪಾಯ ಇಲ್ಲ. ಬಿಸಿ ಇಸ್ತ್ರಿ, ಟಾಲ್ಕಂ ಪುಡಿ, ಬ್ಲಾಟಿಂಗ್ ಪೇಪರ್ ಎಂದೆಲ್ಲ ಹೇಳುತ್ತಾರೆ. ಹಸಿ ಎಣ್ಣೆಯ ಒಂದಿಷ್ಟು ಪಾಲು ಬರಬಹುದು, ನಾರಿಗಿಳಿದದ್ದು ಬರುವುದಿಲ್ಲ. ಹಿಂಬದಿಗೆ ಜೆಸ್ಸೊ ಬಳಿದು ಕಲೆ ಮುಚ್ಚುವುದಂತೂ ಬೇಡವೇ ಬೇಡ: ಎಣ್ಣೆಯ ಮೇಲೆ ಅಕ್ರಿಲಿಕ್ ಕಚ್ಚುವುದಿಲ್ಲ, ಇಂದಲ್ಲ ನಾಳೆ ಹಾಳೆಹಾಳೆಯಾಗಿ ಎದ್ದು ಬರುತ್ತದೆ. ಆ ಚಿತ್ರವನ್ನು ಅಭ್ಯಾಸ ಎಂದು ಇಟ್ಟುಕೊಳ್ಳಿ, ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆದಿಡಿ, ಮುಂದಿನ ಹಾಳೆಗೆ ಸೈಜ್ ಹಚ್ಚಿ. ಎಣ್ಣೆ ಪಕ್ಕದ ಹಾಳೆಗೆ ಹಬ್ಬದಂತೆ ನಡುವೆ ಬಟರ್ ಪೇಪರ್ ಇಡಿ.

ಬಣ್ಣ ಮಂಕಾಗಿ ಪುಡಿಪುಡಿ ಕಂಡರೆ

ಹಸಿ ಇದ್ದಾಗ ಕಪ್ಪಗೆ ಮಿಂಚುತ್ತಿದ್ದ ನೆರಳು ಒಣಗಿದ ಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದೂ ತೇಪೆತೇಪೆಯಾಗಿ. ಎಣ್ಣೆ ಕೆಳಗಿಳಿದಿದೆ. ಹಿಂಬದಿ ಚೊಕ್ಕಟವಾಗಿದ್ದರೆ ಎಣ್ಣೆ ಜೆಸ್ಸೊದಲ್ಲೇ ನಿಂತಿದೆ, ಕಾಗದಕ್ಕೆ ಅಪಾಯವಿಲ್ಲ. ಹಿಂಬದಿಯೂ ಮಾಸಿದ್ದರೆ ಮೇಲೆ ಹೇಳಿದ ರೋಗವೇ.

ಒಣಗಿದ ಮೇಲೆ ಒಣ ಬಿಳಿ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಹತ್ತದಿದ್ದರೆ ಬರೀ ಮೆರುಗು ಹೋಗಿದೆ ಅಷ್ಟೆ. ಎಣ್ಣೆಯನ್ನು ಬೆರಳ ತುದಿಯಷ್ಟು ತೆಗೆದುಕೊಂಡು ಮಂಕಾದ ಕಡೆ ತಿಕ್ಕಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಿಬಿಟ್ಟರೆ ಬಣ್ಣ ಮರಳುತ್ತದೆ. ಕಾಗದದ ಮೇಲೆ ಈ ಉಪಚಾರ ಕೈಬಿಗಿ ಹಿಡಿದು ಮಾಡಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಹಿಡಿದಿಡುವ ಎಣ್ಣೆಯೇ ಉಳಿದಿಲ್ಲ ಎಂದರ್ಥ. ಅಲ್ಲಿ ಟರ್ಪೆಂಟೈನ್ ಅತಿಯಾಗಿ ಬೆರೆತಿರಬೇಕು, ಅಥವಾ ನೆಲ ಬಾಯಾರಿರಬೇಕು. ಮುಂದಿನ ಹಾಳೆಗಳಲ್ಲಿ ಜೆಸ್ಸೊ ಮೇಲೆ ನೀರು ಬೆರೆಸಿದ ಮ್ಯಾಟ್ ಮೀಡಿಯಂ ಒಂದು ಕೈ ಹಚ್ಚಿ.

ಮಂಕು ಎಂದರೆ ದೋಷವೇ ಎಂದೇನಿಲ್ಲ. ಫ್ರಾನ್ಸಿನ ಚಿತ್ರಗಾರ ದೆಗಾ ಬೇಕೆಂದೇ ಬಣ್ಣದಿಂದ ಎಣ್ಣೆಯನ್ನು ಹೀರಿಸಿ ತೆಗೆದು, ಟರ್ಪೆಂಟೈನಿನಲ್ಲಿ ಕಲಸಿ ಕಾಗದದ ಮೇಲೆ ಬರೆಯುತ್ತಿದ್ದ. ಮೇ ತಿಂಗಳ ನಮ್ಮ ಬಂಡೆಗಳಿಗೆ ಆ ಒಣ ಮೈ ಚೆನ್ನಾಗಿಯೇ ಒಪ್ಪುತ್ತದೆ, ನನ್ನ ಅಭಿಪ್ರಾಯ ಕೇಳಿದರೆ. ಹಾಗೆ ಬರೆದದ್ದನ್ನು ಗಾಜಿನ ಹಿಂದೆ ಇಡಬೇಕು, ಪುಸ್ತಕ ಮುಚ್ಚಿ ತೆರೆದು ಮಾಡಿದರೆ ಬಣ್ಣ ಉದುರುತ್ತದೆ.

ಬಣ್ಣ ಜಾರಿದರೆ

ಕುಂಚ ಎಳೆದಂತೆ ಬಣ್ಣ ಹಿಂದೆಯೇ ಬಂದುಬಿಡುತ್ತದೆ, ಹಾಳೆಯಲ್ಲಿ ನಿಲ್ಲುವುದಿಲ್ಲ. ಸೈಜ್ ದಪ್ಪವಾಗಿ ಹೊಳಪು ಬಂದಿದೆ, ಅಥವಾ ಹಾಳೆಗೆ ಕೈಯ ಜಿಡ್ಡು ತಾಗಿದೆ. 320 ನಂಬರಿನ ಉಪ್ಪು ಕಾಗದದಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ, ತೆಳ್ಳಗೆ ಜೆಸ್ಸೊ ಒಂದು ಕೈ ಕೊಟ್ಟರೆ ಮುಗಿಯಿತು. ಉಜ್ಜುವಾಗ ಬಾಯಿಗೆ ಮಾಸ್ಕ್ ಇರಲಿ.

ಜೆಸ್ಸೊ ಬಿರುಕು ಬಿಟ್ಟರೆ, ಸುಲಿದು ಬಂದರೆ

ನಮ್ಮ ಬಿಸಿಲಿನ ಕಾಟ ಹೆಚ್ಚು ಕಾಣುವುದು ಇಲ್ಲಿ. ಅಕ್ರಿಲಿಕ್ ಜೆಸ್ಸೊದಲ್ಲಿ ರಾಳದ ಸಣ್ಣ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಅವು ಒತ್ತಿಕೊಂಡು, ಬೆಸೆದು, ಒಂದೇ ಪೊರೆಯಾಗಬೇಕು. ಮಧ್ಯಾಹ್ನ ಫ್ಯಾನಿನ ಕೆಳಗೆ ದಪ್ಪಗೆ ಹಚ್ಚಿದರೆ ಮೇಲೆ ಕೆನೆಗಟ್ಟುತ್ತದೆ, ಒಳಗೆ ಇನ್ನೂ ಹಸಿ. ಒಳಗಿನದು ಕುಗ್ಗುವಾಗ ಮೇಲಿನದು ಸೀಳುತ್ತದೆ. ಕುಂಚವೂ ಅರ್ಧ ದಾರಿಯಲ್ಲೇ ಹಿಡಿದುಕೊಂಡು ದಿಬ್ಬ ಎಬ್ಬಿಸುತ್ತದೆ.

ಮಾರ್ಚಿಯಿಂದ ಜೂನ್‌ವರೆಗೆ ಈ ಕೆಲಸವನ್ನು ಬೆಳಗಿನ ಜಾವ ಮಾಡಿ. ಫ್ಯಾನ್ ಆರಿಸಿ, ಕಿಟಕಿ ಅರ್ಧ ಮುಚ್ಚಿ, ಹಾಳೆಯನ್ನು ಬಿಸಿಲಿಗೆ ಒಡ್ಡಬೇಡಿ. ಕುಂಚವನ್ನು ನೀರಿನಲ್ಲಿ ಅದ್ದಿ ಹಿಂಡಿ ಶುರುಮಾಡಿ. ಜೆಸ್ಸೊಗೆ ನೀರು ಬೆರೆಸಬಹುದು, ಕಾಲು ಭಾಗ ಮೀರಬಾರದು. ಮೀರಿದರೆ ಕಣಗಳು ಬೆಸೆಯಲು ಸಾಲದೆ ಪುಡಿಯಾಗುತ್ತದೆ. ಬೋರಿನ ಗಡಸು ನೀರು ಬೇಡ, ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಸಾಕು. ದಪ್ಪ ಒಂದು ಪದರಕ್ಕಿಂತ ತೆಳ್ಳಗೆ ಎರಡು ಮೂರು ಯಾವಾಗಲೂ ಮೇಲು.

ಮುಟ್ಟಿದರೆ ಒಣಗಿದೆ ಅನ್ನಿಸುವುದನ್ನು ನಂಬಬೇಡಿ. ಏಪ್ರಿಲ್‌ನಲ್ಲಿ ಅರ್ಧ ಗಂಟೆಗೇ ಹಾಗನ್ನಿಸುತ್ತದೆ. ಕೆನ್ನೆಗೆ ತಾಗಿಸಿ ನೋಡಿ: ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಕೊನೆಯ ಕೈ ಆದ ಮೇಲೆ ಕಡಿಮೆಯೆಂದರೂ ಒಂದು ದಿನ, ಸಾಧ್ಯವಾದರೆ ಮೂರು ದಿನ ಬಿಟ್ಟು ತೈಲವರ್ಣ ಹಚ್ಚಬೇಕು. ಮಳೆಗಾಲದ ಜಿಟಿಜಿಟಿ ಇದ್ದಾಗ ಮೂರು ದಿನವನ್ನೇ ಹಿಡಿಯಿರಿ.

ಬಿರುಕು ಬಗ್ಗಿಸಿದ ಕಡೆ ಮಾತ್ರ ಬಂದಿದ್ದರೆ ಬಿಸಿಲನ್ನು ದೂರಬೇಡಿ, ಮಾಲನ್ನು ನೋಡಿ. ಜೆಸ್ಸೊ ದುಬಾರಿ ಎಂದು ಗೋಡೆಯ ಪ್ರೈಮರ್, ಪುಟ್ಟಿ, ಪ್ಲಾಸ್ಟರ್ ಆಫ್ ಪ್ಯಾರಿಸ್, ಸೀಮೆಸುಣ್ಣಕ್ಕೆ ಬಿಳಿ ಅಂಟು, ಏನೇನೋ ಹಚ್ಚುತ್ತಾರೆ. ಪುಟ್ಟಿ, ಪ್ರೈಮರ್ ಗೋಡೆಗೆಂದು ಮಾಡಿದ್ದು, ಗೋಡೆಯನ್ನು ಯಾರೂ ಮಡಚುವುದಿಲ್ಲ. ಮನೆಯಲ್ಲೇ ಮಾಡಲೇಬೇಕೆಂದರೆ ಸೀಮೆಸುಣ್ಣದ ಪುಡಿ ಕಡಿಮೆ, ಅಂಟು ಹೆಚ್ಚು ಇರಲಿ, ಮೇಲೆ ಹೇಳಿದ ಒದ್ದೆ ಬಟ್ಟೆಯ ಪರೀಕ್ಷೆ ಪಾಸಾಗುವವರೆಗೆ. ಅಷ್ಟು ಮಾಡುವ ಹೊತ್ತಿಗೆ ಸಣ್ಣ ಡಬ್ಬಿ ಜೆಸ್ಸೊ ತರುವುದೇ ಅಗ್ಗ ಅನ್ನಿಸಿದರೆ ಆಶ್ಚರ್ಯವಿಲ್ಲ.

ಕೊಪ್ಪಳದವರು ಇಲ್ಲಿ ಕೇಳುವ ಪ್ರಶ್ನೆ ಒಂದಿದೆ: ಮರದ ಗೊಂಬೆ ಮಾಡುವ ನಮ್ಮ ಕಿನ್ನಾಳದ ಚಿತ್ರಗಾರರು ಹುಣಸೆ ಬೀಜದ ಅಂಟು, ಕಲ್ಲಿನ ಪುಡಿ ಬಳಸಿ ಮಾಡುವ ಲೇಪ ಇದಕ್ಕೆ ಆಗದೇ? ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಆ ಗೊಂಬೆಗಳಲ್ಲಿ ಬಣ್ಣ ನೇರ ಮರದ ಮೇಲೆ ಬೀಳುವುದಿಲ್ಲ. ಹಗುರ ಮರ, ಸೆಣಬಿನ ನಾರು, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಕಿಟ್ಟ, ಅದರ ಮೇಲೆ ಹತ್ತಿ ಬಟ್ಟೆಯ ತುಂಡು, ಆಮೇಲೆ ಕಲ್ಲಿನ ಪುಡಿಯ ನೆಲ, ಕೊನೆಗೆ ಬಣ್ಣ. ಪದರದ ಮರ್ಮ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಅದು ಗಟ್ಟಿ ಮರದ ಮೇಲೆ ಕೂರುವ ಲೇಪ, ಬಗ್ಗುವ ಹಾಳೆಯ ಮೇಲೆ ಬಿರಿಯುತ್ತದೆ. ಪ್ಲೈವುಡ್ ಹಲಗೆಯ ಮೇಲೆ ಪ್ರಯೋಗ ಮಾಡುವವರು ಧಾರಾಳವಾಗಿ ಮಾಡಲಿ. ಪುಸ್ತಕದಲ್ಲಿ ಬೇಡ. ಪಿಷ್ಟದ ಅಂಟಿಗೆ ಮಳೆಗಾಲದಲ್ಲಿ ಬೂಷ್ಟು ಬೇರೆ ಹಿಡಿಯುತ್ತದೆ, ಬೆಳ್ಳಿಹುಳುವಿಗೂ ಅದು ಊಟ.

ಹಾಳೆ ಸುರುಳಿ ಸುತ್ತಿದರೆ

ಒದ್ದೆಯಾದ ನಾರು ಹಿಗ್ಗುತ್ತದೆ, ಒಣಗಿದಾಗ ಜೆಸ್ಸೊ ಕುಗ್ಗಿ ತನ್ನ ಕಡೆ ಎಳೆಯುತ್ತದೆ. 100ರಿಂದ 150 ಜಿಎಸ್‌ಎಂ (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಹಾಳೆಗೆ ಈ ಎಳೆತ ತಡೆಯುವ ತ್ರಾಣ ಇಲ್ಲ. 300 ಜಿಎಸ್‌ಎಂ ಜಲವರ್ಣದ ಹಾಳೆಯ ಪುಸ್ತಕ ತಂದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. ಎಣ್ಣೆ ತಡೆಯುವ ಗುಣವನ್ನು ತಯಾರಿಸುವಾಗಲೇ ಸೇರಿಸಿದ ತೈಲವರ್ಣದ ಹಾಳೆಗಳೂ ಇವೆ, ಫ್ರಾನ್ಸಿನ ಆರ್ಶ್‌ನವರ ಹಾಳೆ ಅಂಥದ್ದು. ಅದಕ್ಕೆ ಜೆಸ್ಸೊ ಇಲ್ಲದೆಯೂ ನಡೆಯುತ್ತದೆ, ಬೆಲೆ ಮಾತ್ರ ಕೈ ಕಚ್ಚುತ್ತದೆ.

ಇರುವ ತೆಳು ಪುಸ್ತಕದಲ್ಲೇ ಮಾಡುವುದಾದರೆ ಹಾಳೆಯ ಕೆಳಗೆ ಪ್ಲಾಸ್ಟಿಕ್ ಶೀಟು, ಅದರ ಕೆಳಗೆ ಗಟ್ಟಿ ರಟ್ಟು ಇಟ್ಟು ಮೂರೂ ಬದಿಗೆ ಕ್ಲಿಪ್ ಹಾಕಿ. ಸೈಜನ್ನು ಎರಡೂ ಬದಿಗೆ ಹಚ್ಚಿ, ಎಳೆತ ಸಮ ಆಗುತ್ತದೆ. ಆಗಲೇ ಸುತ್ತಿಕೊಂಡ ಹಾಳೆಯನ್ನು, ಇನ್ನೂ ಚಿತ್ರ ಬರೆದಿಲ್ಲದಿದ್ದರೆ, ಹಿಂಬದಿಗೆ ಒದ್ದೆ ಬಟ್ಟೆಯಿಂದ ತೇವ ತಾಗಿಸಿ, ಬಟರ್ ಪೇಪರಿನ ನಡುವೆ ಇಟ್ಟು, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಹಿಂಬದಿಗೂ ಸೈಜ್ ಬಿದ್ದಿದ್ದರೆ ತೇವ ಒಳಗಿಳಿಯುವುದಿಲ್ಲ, ಬರೀ ಭಾರವೇ ಸಾಕು, ದಿನ ಹೆಚ್ಚು ಹಿಡಿಯುತ್ತದೆ.

ಒಂದು ಕಡೆ ಒಣಗುತ್ತದೆ, ಇನ್ನೊಂದು ಕಡೆ ಇಲ್ಲ

ಇದಕ್ಕೆ ಹಾಳೆಯನ್ನು ದೂರುವುದು ಬೇಡ. ಬಳ್ಳಾರಿ ಜಾಲಿಯ ನೆರಳಿಗೆ ಹಚ್ಚಿದ ಅಂಬರ್ ಎಂಬ ಕಂದು ಮಣ್ಣಿನ ಬಣ್ಣ ಬೇಗ ಒಣಗುತ್ತದೆ, ಅದರಲ್ಲಿನ ಮ್ಯಾಂಗನೀಸ್ ಎಣ್ಣೆ ಗಟ್ಟಿಯಾಗುವುದನ್ನು ಚುರುಕುಗೊಳಿಸುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು, ಅಲಿಜರಿನ್ ಎಂಬ ಕೆಂಪು, ಕುಸುಬೆ ಎಣ್ಣೆಯಲ್ಲಿ ಅರೆದ ಬಿಳಿ ತಡಮಾಡುತ್ತವೆ. ಬಿಳಿಯನ್ನು ದಪ್ಪಗೆ ಮೆತ್ತಿದ ಆಕಾಶ ವಾರಗಟ್ಟಲೆ ಅಂಟಂಟಾಗಿದ್ದರೆ ಅದು ಸಹಜ. ಎಲ್ಲ ಬಣ್ಣವೂ ಒಣಗದೆ ಕೂತಿದ್ದರೆ ಮಾತ್ರ ಬಣ್ಣಕ್ಕೆ ಬೆರೆಸುವ ಮೀಡಿಯಮ್ಮಿನಲ್ಲಿ ಎಣ್ಣೆ ಜಾಸ್ತಿ, ಇಲ್ಲವೇ ಕಿರಾಣಿ ಅಂಗಡಿಯ ಬೇರೆ ಎಣ್ಣೆ ಬೆರೆತಿದೆ. ಶೇಂಗಾ ಎಣ್ಣೆ ಒಣಗುವ ಜಾತಿಯದ್ದೇ ಅಲ್ಲ.

ಹಾಳೆಗೆ ಹಾಳೆ ಅಂಟಿದರೆ

ಅಕ್ರಿಲಿಕ್ ಬಿಸಿಯಾದರೆ ಮೆತ್ತಗಾಗುವ ವಸ್ತು. ಎರಡು ಜೆಸ್ಸೊ ಹಾಳೆ ಮುಖಕ್ಕೆ ಮುಖ ಕೊಟ್ಟು, ಬಿಸಿಲಿನಲ್ಲಿ ನಿಂತ ಕಾರಿನಲ್ಲೋ ಬೈಕಿನ ಡಿಕ್ಕಿಯಲ್ಲೋ ಒತ್ತಿಕೊಂಡು ಕೂತರೆ ಬಣ್ಣ ಇಲ್ಲದೆಯೂ ಅಂಟುತ್ತವೆ. ಅಂಟಿದ್ದನ್ನು ಬಿಸಿಯಲ್ಲೇ ಎಳೆದರೆ ಪದರ ಕಿತ್ತು ಬರುತ್ತದೆ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಸ್ವಲ್ಪ ಹೊತ್ತು ಇಡಿ, ತಣ್ಣಗಾದ ಮೇಲೆ ಮೂಲೆಯಿಂದ ನಿಧಾನವಾಗಿ ಬಿಡಿಸಿ. ಮನೆಯವರ ಬೈಗುಳ ನಿಮ್ಮ ಜವಾಬ್ದಾರಿ. ಬಲಬದಿಯ ಹಾಳೆಗೆ ಮಾತ್ರ ಜೆಸ್ಸೊ ಹಚ್ಚಿ ಎಡಬದಿ ಹಾಗೇ ಬಿಟ್ಟು, ನಡುವೆ ಬಟರ್ ಪೇಪರ್ ಇಟ್ಟರೆ ಈ ಪ್ರಸಂಗವೇ ಬರುವುದಿಲ್ಲ. ಚಿತ್ರ ಬರೆದ ಪುಟವನ್ನಂತೂ ಮುಟ್ಟಿದರೆ ಅಂಟದಷ್ಟು ಒಣಗುವವರೆಗೆ ಮುಚ್ಚಬೇಡಿ.

ಹಳದಿ, ಕೆಂಪು, ಬೂದಿ

ಚಿತ್ರ ಬರೆಯುವ ಮೊದಲೇ ಬಿಳಿ ಜೆಸ್ಸೊ ಹಳದಿ ಕಂದಾಗಿ ಕಂಡರೆ ಕಾಗದದೊಳಗಿನ ಕಲ್ಮಶ ಜೆಸ್ಸೊದ ನೀರಿನ ಜೊತೆ ಮೇಲೆ ಬಂದಿದೆ. ಅಗ್ಗದ ಕಾಗದದಲ್ಲಿ ಇದು ಹೆಚ್ಚು. ಮೊದಲು ಸೈಜ್ ಹಚ್ಚಿ ಒಣಗಿಸಿದರೆ ತಡೆಯಬಹುದು. ಬರೆದ ಎಷ್ಟೋ ತಿಂಗಳ ಮೇಲೆ ಪುಸ್ತಕ ತೆರೆದಾಗ ಬಿಳಿಯೆಲ್ಲ ಹಳದಿಗಟ್ಟಿದ್ದರೆ ಅದು ಬೇರೆ: ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಯಾಗುತ್ತದೆ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಕೆಲವು ದಿನ ತೆರೆದಿಟ್ಟರೆ ಬಹುಪಾಲು ತಿಳಿಯಾಗುತ್ತದೆ. ಇವೆರಡನ್ನು ಒಂದೇ ಎಂದುಕೊಂಡು ಒಳ್ಳೆಯ ಪುಸ್ತಕ ಎಸೆದವರಿದ್ದಾರೆ.

ಸಂಡೂರು, ತೋರಣಗಲ್ಲು ಕಡೆಯವರ ಹಾಳೆಯಲ್ಲಿ ಕೆಂಪು ಚುಕ್ಕಿ ಕಾಣುತ್ತದೆ. ಅದಿರಿನ ಲಾರಿಗಳ ರಸ್ತೆಯ ಧೂಳು. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯಂಥ ವಿದ್ಯುತ್ ಸ್ಥಾವರಗಳ ಸುತ್ತ ಬೂದಿ ಕಣ ಕೂರಬಹುದು. ಕೆಂಪು ಧೂಳು ಕಬ್ಬಿಣದ ಆಕ್ಸೈಡ್, ಚಿತ್ರಗಾರರು ಬಳಸುವ ಕೆಂಪು ಮಣ್ಣಿನ ಬಣ್ಣದ ಸಂಬಂಧಿಯೇ, ಬಣ್ಣಕ್ಕೆ ವಿಷವಲ್ಲ. ತೊಂದರೆ ಕಣದ ಗಾತ್ರದ್ದು: ಒಣಗಿದ ಪದರದ ಮೇಲೆ ಬೆರಳಾಡಿಸಿದರೆ ಗರಗರ ಅನ್ನುತ್ತದೆ, ಕಣ ಉದುರಿದ ಕಡೆ ತೂತು ಬಿದ್ದು ಎಣ್ಣೆ ಇಳಿಯುತ್ತದೆ. ಹಸಿ ಹಾಳೆಯ ಮೇಲೆ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ, ಒಂದು ಬದಿಗೆ ಕಡ್ಡಿ ಕೊಟ್ಟು ಸ್ವಲ್ಪ ಎತ್ತಿಡಿ, ಗಾಳಿಯಾಡುತ್ತದೆ. ಪ್ರತಿ ಕೈ ಒಣಗಿದ ಮೇಲೆ ಉಪ್ಪು ಕಾಗದ ಒಮ್ಮೆ ಆಡಿಸಿ ಮುಂದಿನ ಕೈ ಹಚ್ಚಿ.

ಎಣ್ಣೆ ಬಟ್ಟೆ

ಇದು ಹಾಳೆಯ ದೋಷವಲ್ಲ, ಆದರೆ ನಮ್ಮ ಬಿಸಿಲಿನಲ್ಲಿ ಹೇಳದೆ ಬಿಡುವಂತಿಲ್ಲ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಕುಂಚ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಗೆ ಹೋಗಲಾರದೆ ಏರುತ್ತಾ ಹೋಗಿ ಕಿಡಿಯಿಲ್ಲದೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಬಟ್ಟೆಯನ್ನು ಒಂದೊಂದಾಗಿ ಬಿಡಿಸಿ ಹೊರಗೆ ನೆರಳಿನ ತಂತಿಯ ಮೇಲೆ ಹರವಿ, ಗಟ್ಟಿಯಾದ ಮೇಲೆ ಎಸೆಯಿರಿ. ಆಗದಿದ್ದರೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಿ. ಟರ್ಪೆಂಟೈನ್ ಬಾಟಲಿಯನ್ನು ಮುಚ್ಚಿ, ಒಲೆಯಿಂದ ದೂರ ಇಡಿ. ಕೂಲರ್ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದನ್ನು ತೆರೆಯಬೇಡಿ.